ಎಫ್‌ಯುಟಿ, ಎಫ್‌ಯುಇ, ಡಿಎಚ್‌ಐ: 27ಕ್ಕೇ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸ್ಕೊಳ್ಳೋದಾ? ಮೈಸೂರು, ಮಂಡ್ಯದವರು ದಯವಿಟ್ಟು ಹೇಳಿ

ಮಂಡ್ಯದ ಹೈದ

ಎಲ್ಲರಿಗೂ ನಮಸ್ಕಾರ. ನಂಗೆ 27 ವರ್ಷ. ಊರು ಮಂಡ್ಯದ ಹತ್ರ, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ದಿನಾ ರೈಲಲ್ಲಿ ಓಡಾಟ. 22ರಲ್ಲಿ ಹಣೆಯ ಎರಡೂ ಮೂಲೆ ಹಿಂದಕ್ಕೆ ಹೋಗೋಕೆ ಶುರುವಾಯ್ತು. ಈಗ ಸುಳಿ ಹತ್ರಾನೂ ತೆಳ್ಳಗಾಗಿದೆ, ಎಣ್ಣೆ ಹಚ್ಚಿದ ದಿನ ಟ್ಯೂಬ್‌ಲೈಟ್ ಕೆಳಗೆ ನಿಂತ್ರೆ ನೆತ್ತಿ ಚರ್ಮ ಕಾಣುತ್ತೆ. ಅಪ್ಪಂಗೆ 35ಕ್ಕೇ ಪೂರ್ತಿ ಹೋಗಿತ್ತು. ಸೋದರಮಾವಂಗೂ ಅಷ್ಟೇ.

ಮನೇಲಿ ಹೆಣ್ಣು ನೋಡ್ತಾವ್ರೆ. ಹೋದ ತಿಂಗಳು ಒಂದು ಕಡೆಗೆ ಫೋಟೋ ಕಳಿಸಿದ್ರು. ಅವರು ಬ್ರೋಕರ್ ಹತ್ರ "ಹುಡುಗನಿಗೆ ನಿಜವಾಗ್ಲೂ ಇಪ್ಪತ್ತೇಳೇನಾ?" ಅಂತ ಕೇಳಿದ್ರಂತೆ. ಅಮ್ಮ ನಂಗೆ ಹೇಳ್ಲಿಲ್ಲ, ತಂಗಿ ಬಾಯಿಂದ ಗೊತ್ತಾಯ್ತು. ಆವತ್ತಿಂದ ಸರಿಯಾಗಿ ನಿದ್ದೆ ಇಲ್ಲ.

ಎರಡು ಕಡೆ ತೋರಿಸಿದ್ದೀನಿ. ಮೈಸೂರಲ್ಲಿ ಒಬ್ರು ಎಫ್‌ಯುಇ (ತಲೆ ಹಿಂದಿನಿಂದ ಒಂದೊಂದೇ ಬೇರು ತೆಗೆದು ಮುಂದೆ ನೆಡೋದು), 3,000 ಗ್ರಾಫ್ಟ್ (ನೆಡೋಕೆ ಅಂತ ತೆಗೆಯೋ ಕೂದಲಿನ ಬೇರು), ಒಂದಕ್ಕೆ 40 ರೂಪಾಯಿ ಅಂದ್ರು. ಬೆಂಗಳೂರಲ್ಲಿ ಇನ್ನೊಂದು ಕಡೆ ಡಿಎಚ್‌ಐ, 4,500 ಗ್ರಾಫ್ಟ್, ಒಂದೇ ದಿನದಲ್ಲಿ ಮುಂದೆಯೂ ಸುಳಿಯೂ ಎರಡೂ ತುಂಬಿಸ್ತೀವಿ, ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ 30,000 ಕಡಿಮೆ ಅಂದ್ರು. ಅಲ್ಲಿ ಡಾಕ್ಟ್ರು ಸಿಗ್ಲಿಲ್ಲ, ಕೌನ್ಸೆಲರ್ ಅಂತ ಒಬ್ರು ಕೂತು ಮಾತಾಡಿದ್ರು. ಎಫ್‌ಯುಟಿ ಹಳೇದಾಯ್ತು, ಅದನ್ನ ಕೇಳ್ಲೇಬೇಡಿ ಅಂದ್ರು. ನನ್ನ ಹತ್ರ ಇರೋದು 1,80,000. ಚೀಟಿ ಎತ್ತಿದ್ರೆ ಇನ್ನೊಂದಷ್ಟು ಆಗುತ್ತೆ.

ಯಾವ ವಿಧಾನ ಒಳ್ಳೇದು? ಮಾಡಿಸ್ಕೊಂಡೋರು ಯಾರಾದ್ರೂ ಇದ್ದೀರಾ?

ಅಗ್ರಹಾರ ಸರ್ಕಲ್

ಅಡ್ವಾನ್ಸ್ ಮಾತ್ರ ಕಟ್ಬೇಡಿ. ಇವತ್ತೇ ಕಟ್ಟಿ ಅನ್ನೋದು ಸೀರೆ ಅಂಗಡೀಲಿ ಸರಿ, ತಲೆ ಕುಯ್ಯೋ ಜಾಗದಲ್ಲಿ ಅಲ್ಲ.

ಕುಕ್ಕರಹಳ್ಳಿ ಬೆಳಗು

ತಮ್ಮಾ, ನಾನು 2013ರಲ್ಲಿ ಎಫ್‌ಯುಟಿ ಮಾಡಿಸ್ಕೊಂಡವನು. ಆಗ ನನಗೆ 34. ಹಳೇದು ಅಂತ ತಳ್ಳಿಹಾಕಿದ್ದಾರೆ ಅಂದಿದ್ದಕ್ಕೆ ಬರೀತಿದ್ದೀನಿ.

ಎಫ್‌ಯುಟಿಯಲ್ಲಿ ತಲೆಯ ಹಿಂಭಾಗದಿಂದ ಒಂದು ಪಟ್ಟಿ ಚರ್ಮವನ್ನೇ ಕತ್ತರಿಸಿ ತೆಗೀತಾರೆ. ನನ್ನದು ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹತ್ತಿರದವರೆಗೆ, ಅಗಲ ಒಂದು ಬೆರಳಿಗಿಂತ ಸ್ವಲ್ಪ ಕಡಿಮೆ. ಗಾಯದ ಎರಡೂ ಅಂಚು ಎಳೆದು ಹೊಲಿಗೆ ಹಾಕಿದರು. ಆ ಪಟ್ಟಿಯನ್ನ ಪಕ್ಕದ ಮೇಜಿನಲ್ಲಿ ನಾಲ್ಕು ಜನ ಮೈಕ್ರೋಸ್ಕೋಪ್ ಕೆಳಗಿಟ್ಟುಕೊಂಡು, ಒಂದು ಕೂದಲಿನ ಬೇರು ಬೇರೆ, ಎರಡರದ್ದು ಬೇರೆ, ಮೂರರದ್ದು ಬೇರೆ ಅಂತ ಬಿಡಿಸಿ ತಣ್ಣನೆ ಸಲೈನ್‌ನಲ್ಲಿ ಸಾಲಾಗಿ ಜೋಡಿಸ್ತಿದ್ದರು. ನಾನು ಕವುಚಿ ಮಲಗಿದ್ದರಿಂದ ಮಧ್ಯೆ ಊಟಕ್ಕೆ ಎಬ್ಬಿಸಿದಾಗ ಮಾತ್ರ ಅದು ಕಣ್ಣಿಗೆ ಬಿತ್ತು. ಒಟ್ಟು 2,100 ಗ್ರಾಫ್ಟ್. 12ನೇ ದಿನ ಹೊಲಿಗೆ ಬಿಚ್ಚಿದರು. ಎರಡು ವಾರ ಕತ್ತು ಬಗ್ಗಿಸಿದರೆ ಹಿಂದೆ ಜಗ್ಗಿದ ಹಾಗೆ ಆಗೋದು, ಕೆಲವು ತಿಂಗಳು ಹಿಂಭಾಗ ಮರಗಟ್ಟಿದ ಹಾಗೂ ಇತ್ತು. ಅಷ್ಟು ಬಿಟ್ಟರೆ ಕಷ್ಟ ಅಂತ ಆಗಲಿಲ್ಲ. ಇವತ್ತಿಗೂ ಮುಂದಿನ ಕೂದಲು ಗಟ್ಟಿಯಾಗಿದೆ. ಹಿಂದೆ ಸ್ವಲ್ಪ ಉದ್ದ ಬಿಟ್ಟರೆ ಗಾಯದ ಗೆರೆ ಯಾರಿಗೂ ಕಾಣಲ್ಲ.

ಆದರೆ ಒಂದು ಮಾತು ನನಗೆ ಆಗ ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. 2019ರಲ್ಲಿ ನಮ್ಮ ತಂದೆ ಹೋದರು. ನಾನೇ ಹಿರಿಮಗ. ಶ್ರೀರಂಗಪಟ್ಟಣದಲ್ಲಿ ಹೊಳೆ ಹತ್ತಿರ ಕೂರಿಸಿ ತಲೆ ಬೋಳಿಸಿದರು. ಕ್ಷೌರದವರು ಹಿಂಭಾಗಕ್ಕೆ ಬಂದವರೇ ಕೈ ನಿಲ್ಲಿಸಿ "ಸ್ವಾಮಿ, ಇಲ್ಲಿ ಆಪರೇಷನ್ ಆಗಿದೆಯಾ, ಕತ್ತಿ ಆಡಿಸಬಹುದಾ?" ಅಂತ ಕೇಳಿದರು. ಸುತ್ತ ನಿಂತಿದ್ದ ನೆಂಟರೆಲ್ಲ ನೋಡಿದರು. ತಲೆಯಲ್ಲಿ ಗಡ್ಡೆ ಆಗಿತ್ತಾ ಅಂತ ಚಿಕ್ಕಮ್ಮ ಅಳೋಕೆ ಶುರು ಮಾಡಿದರು. ಆ ದುಃಖದ ಹೊತ್ತಿನಲ್ಲಿ ಕೂದಲಿನ ಕಥೆ ಹೇಳೋ ಹಾಗಾಯಿತು.

ಅದಕ್ಕೇ ಕೇಳ್ತಿದ್ದೀನಿ. ನಿಮ್ಮ ಮನೆಯಲ್ಲಿ ನಂಜನಗೂಡಿಗೋ ಮಾದಪ್ಪನ ಬೆಟ್ಟಕ್ಕೋ ಮುಡಿ ಕೊಡೋ ಪದ್ಧತಿ ಇದೆಯಾ? ಹಿಂಭಾಗ ತೀರಾ ಸಣ್ಣಗೆ ಕತ್ತರಿಸೋ ಅಭ್ಯಾಸ ಇದೆಯಾ? ಇದ್ದರೆ ಪಟ್ಟಿ ತೆಗೆಯೋ ವಿಧಾನ ನಿನಗೆ ಹೊಂದಲ್ಲ. ಇಲ್ಲ ಅಂದರೆ ಅದನ್ನ ಹಳೇದು ಅಂತ ಬಿಡೋ ಕಾರಣವೂ ಇಲ್ಲ. ಸುತ್ತಲಿನ ಕೂದಲು ಅದರಲ್ಲಿ ತೆಳ್ಳಗಾಗಲ್ಲ, ತಲೆಯನ್ನ ಪೂರ್ತಿ ಬೋಳಿಸೋ ಅಗತ್ಯವೂ ಇರಲ್ಲ.

ಮಂಡ್ಯದ ಹೈದ

ಅಣ್ಣ, ಓದಿ ಗಂಟಲು ಕಟ್ತು. ನಮ್ಮ ಮನೆದೇವ್ರು ಮಾದಪ್ಪನೇ. ಮುಡಿ ಇದೆ. ಎಫ್‌ಯುಇ ಆದ್ರೆ ಬೋಳಿಸಿದ್ರೆ ಏನೂ ಕಾಣಲ್ವಾ? ನೆಟ್ಟಿರೋ ಕೂದಲು ಬೋಳಿಸಿದ್ಮೇಲೆ ಮತ್ತೆ ಬರುತ್ತಾ?

ಚರ್ಮದ ಡಾಕ್ಟ್ರು, ಮೈಸೂರು

ಮೊದಲು ಈ ಪ್ರಶ್ನೆಗೆ ಉತ್ತರ. ಬೋಳಿಸುವುದರಿಂದ ಬೇರಿಗೆ ಏನೂ ಆಗುವುದಿಲ್ಲ. ಬೇರು ಚರ್ಮದೊಳಗೆ ನಾಲ್ಕೈದು ಮಿಲಿಮೀಟರ್ ಆಳದಲ್ಲಿರುತ್ತದೆ. ನೆಟ್ಟ ಕೂದಲೂ ಬೇರೆ ಕೂದಲಿನಂತೆಯೇ ಮತ್ತೆ ಬೆಳೆಯುತ್ತದೆ. ಮೊದಲ ಕೆಲವು ತಿಂಗಳು ಕತ್ತಿ ಮುಟ್ಟಿಸಬಾರದು, ಯಾವಾಗ ಮುಟ್ಟಿಸಬಹುದು ಎಂದು ಮಾಡಿದ ವೈದ್ಯರನ್ನೇ ಕೇಳಿ. ಎಫ್‌ಯುಇಯಲ್ಲಿ ಗಾಯದ ಗುರುತೇ ಇರುವುದಿಲ್ಲ ಎನ್ನುವುದು ತಪ್ಪು. ಗೆರೆಯ ಬದಲು ಸಣ್ಣ ಬಿಳಿ ಚುಕ್ಕಿಗಳಿರುತ್ತವೆ. ಮಿತವಾಗಿ, ಹರಡಿಕೊಂಡು ತೆಗೆದಿದ್ದರೆ ಹತ್ತಿರದಿಂದ ನೋಡಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ.

ನಾನು ಕಸಿ ಮಾಡುವವನಲ್ಲ, ಹಾಗಾಗಿ ಯಾರನ್ನೂ ನನ್ನ ಕಡೆಗೆ ಕರೆಯುವ ಉದ್ದೇಶವಿಲ್ಲ. ನಿಮ್ಮ ಬರಹದಲ್ಲಿ ನನಗೆ ಆತಂಕ ತಂದದ್ದು ಎರಡು: 27 ಎಂಬ ವಯಸ್ಸು, 4,500 ಎಂಬ ಲೆಕ್ಕ.

ಹೆಸರುಗಳ ಗೊಂದಲ ಬಿಡಿಸೋಣ. ಈ ಶಸ್ತ್ರಚಿಕಿತ್ಸೆಯಲ್ಲಿ ಇರುವುದು ಎರಡು ಕೆಲಸ, ಹಿಂದಿನಿಂದ ಬೇರು ತೆಗೆಯುವುದು ಮತ್ತು ಮುಂದೆ ನೆಡುವುದು. ತೆಗೆಯುವುದಕ್ಕೆ ಎರಡೇ ದಾರಿ. ಪಟ್ಟಿಯಾಗಿ ತೆಗೆದರೆ ಎಫ್‌ಯುಟಿ. ಒಂದು ಮಿಲಿಮೀಟರ್‌ಗಿಂತ ಕಿರಿದಾದ ಕೊಳವೆಯಂಥ ಪಂಚ್‌ನಿಂದ ಒಂದೊಂದೇ ಬೇರಿನ ಸುತ್ತ ಕೊರೆದು ಎಳೆದರೆ ಎಫ್‌ಯುಇ. ಡಿಎಚ್‌ಐ ಮೂರನೆಯ ದಾರಿಯಲ್ಲ. ಅದರಲ್ಲೂ ಬೇರು ತೆಗೆಯುವುದು ಎಫ್‌ಯುಇ ರೀತಿಯಲ್ಲೇ. ನೆಡುವಾಗ ಮೊದಲೇ ಸೀಳು ಮಾಡಿ ಇಕ್ಕಳದಲ್ಲಿ ಕೂರಿಸುವ ಬದಲು, ಕೊರಿಯಾದಲ್ಲಿ ರೂಪುಗೊಂಡ ಚೋಯ್ ಪೆನ್ ಎಂಬ ಸಾಧನದಲ್ಲಿ ಬೇರನ್ನು ತುಂಬಿ ನೇರ ಚುಚ್ಚಿ ನೆಡುತ್ತಾರೆ. ಇರುವ ಕೂದಲಿನ ನಡುವೆ ನೆಡಬೇಕಾದಾಗ ಅದು ಅನುಕೂಲ. ಜಾಹೀರಾತಿನಲ್ಲಿ ಕಾಣುವ ಸಫೈರ್ ಎಂದರೆ ಸೀಳು ಮಾಡುವ ಬ್ಲೇಡು ಯಾವುದರದ್ದು ಎಂದಷ್ಟೇ. ಬಯೋ ಎಂದು ಮುಂದೆ ಸೇರಿಸಿದ್ದರೆ ಸಾಮಾನ್ಯವಾಗಿ ನಿಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ಪಿಆರ್‌ಪಿ ಎಂಬ ದ್ರವ ಚುಚ್ಚುತ್ತಾರೆ ಎಂದರ್ಥ. ರೋಬೋಟ್ ಕೂಡ ಇದೆ, 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆದದ್ದು, ಅದೂ ಮಾಡುವುದು ಎಫ್‌ಯುಇಯನ್ನೇ. ಇವೆಲ್ಲಕ್ಕೂ ಬೇರೆ ಬೇರೆ ದರ ಹೇಳುತ್ತಾರೆ. ಫಲಿತಾಂಶ ನಿಲ್ಲುವುದು ಮಾತ್ರ ಕೈ ಯಾರದ್ದು, ಬೇರು ಎಷ್ಟು ಹೊತ್ತು ಹೊರಗಿತ್ತು, ತೆಗೆಯುವಾಗ ಎಷ್ಟು ಬೇರು ತುಂಡಾಯಿತು ಎಂಬುದರ ಮೇಲೆ.

ಇನ್ನು ಲೆಕ್ಕ. ಹಿಂಭಾಗದ, ಪಕ್ಕದ ಕೂದಲಿಗೆ ಉದುರಿಸುವ ಹಾರ್ಮೋನಿನ ಕಾಟ ಇಲ್ಲ. ಅದನ್ನು ಎಲ್ಲಿ ನೆಟ್ಟರೂ ಆ ಗುಣ ಉಳಿಸಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೀಚ್ 1959ರಲ್ಲಿ ಬರೆದರು. ಇಡೀ ಶಸ್ತ್ರಚಿಕಿತ್ಸೆ ನಿಂತಿರುವುದು ಅದರ ಮೇಲೆ. ಆದರೆ ತೆಗೆದ ಜಾಗದಲ್ಲಿ ಮತ್ತೆ ಬೇರು ಹುಟ್ಟುವುದಿಲ್ಲ. ಬಹುತೇಕರಿಗೆ ಜೀವಮಾನಕ್ಕೆಲ್ಲ ಸೇರಿ ಸುರಕ್ಷಿತವಾಗಿ ತೆಗೆಯಲು ಸಿಗುವುದು 4,000ದಿಂದ 6,000 ಗ್ರಾಫ್ಟ್. ಅದರಲ್ಲಿ 4,500ನ್ನು 27ಕ್ಕೇ ಒಂದು ದಿನದಲ್ಲಿ ಖರ್ಚು ಮಾಡಿದಿರಿ ಎನ್ನಿ. ಗಂಡಸರ ಕೂದಲು ಎಷ್ಟು ಹೋಗಿದೆ ಎಂದು 1ರಿಂದ 7ರವರೆಗೆ ಹೇಳುವ ನಾರ್ವುಡ್ ಅಳತೆಯಲ್ಲಿ ನಿಮ್ಮ ಈಗಿನ ಸ್ಥಿತಿ 3 ಅಥವಾ 4 ಇರಬಹುದು. ತಂದೆಯವರದ್ದು 6 ಅಥವಾ 7. ನೀವು ಆ ಕಡೆಗೇ ಹೋಗುತ್ತಿದ್ದರೆ, ನೆಟ್ಟ ಕೂದಲು ಮುಂದೆ ಉಳಿಯುತ್ತದೆ, ಅದರ ಹಿಂದಿನ ನಿಮ್ಮದೇ ಕೂದಲು ಉದುರುತ್ತದೆ, ನಡುವೆ ಬಯಲಾಗುತ್ತದೆ. ಆಗ ತುಂಬಲು ಹಿಂದೆ ಏನೂ ಉಳಿದಿರುವುದಿಲ್ಲ.

ಆದ್ದರಿಂದ ಈಗ ಬೇಕಾದದ್ದು ಉದುರುವುದನ್ನು ನಿಲ್ಲಿಸುವ ಔಷಧ. ಮಿನಾಕ್ಸಿಡಿಲ್ ಹಚ್ಚುವುದು, ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ. ಎರಡನ್ನೂ ವೈದ್ಯರು ನೋಡಿಯೇ ಕೊಡಬೇಕು. ಕನಿಷ್ಠ ಒಂದು ವರ್ಷ. ಇದನ್ನು ನಿಮಗೆ ಎರಡೂ ಕಡೆ ಯಾರೂ ಹೇಳಿಲ್ಲ ಎನ್ನುವುದು ನನಗೆ ತುಂಬ ಬೇಸರದ ಸಂಗತಿ. ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್‌ನಲ್ಲಿ ಚರ್ಮರೋಗ ವಿಭಾಗಗಳಿವೆ. ಮೊದಲು ಅಲ್ಲಿ ತೋರಿಸಿ.

ಮಂಡ್ಯದ ಹೈದ

ಸರ್, ತುಂಬಾ ಥ್ಯಾಂಕ್ಸ್. ಬಿಚ್ಚಿ ಕೇಳ್ತೀನಿ. ಆ ಮಾತ್ರೆ ತಗೊಂಡ್ರೆ ಗಂಡಸುತನ ಹೋಗುತ್ತೆ ಅಂತಾರೆ. ಮದುವೆ ಮುಂದಿಟ್ಕೊಂಡು ಅದಕ್ಕೇ ಭಯ.

ಚರ್ಮದ ಡಾಕ್ಟ್ರು, ಮೈಸೂರು

ಬಿಚ್ಚಿ ಕೇಳಿದ್ದು ಒಳ್ಳೆಯದಾಯಿತು. ಬಹಳ ಜನ ಕೇಳದೆ ಅರ್ಧಕ್ಕೆ ಬಿಡುತ್ತಾರೆ.

ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನ್ ದೇಹದಲ್ಲಿ ಡಿಎಚ್‌ಟಿ ಎಂಬ ಇನ್ನೊಂದಾಗಿ ಮಾರ್ಪಡುತ್ತದೆ. ವಂಶದಿಂದ ಆ ಗುಣ ಬಂದಿರುವವರ ನೆತ್ತಿಯ ಬೇರನ್ನು ವರ್ಷದಿಂದ ವರ್ಷಕ್ಕೆ ಸಣ್ಣದು ಮಾಡುತ್ತಾ ಹೋಗುವುದು ಈ ಡಿಎಚ್‌ಟಿ. ಫಿನಾಸ್ಟರೈಡ್ ಆ ಮಾರ್ಪಾಡನ್ನು ತಡೆಯುತ್ತದೆ. ಕೂದಲಿಗಾಗಿ 1997ರಿಂದ ಬಳಕೆಯಲ್ಲಿದೆ. ಆಸಕ್ತಿ ಕಡಿಮೆಯಾಗುವುದು, ಉದ್ರೇಕದ ತೊಂದರೆ ಕೆಲವರಿಗೆ ಆಗುತ್ತದೆ, ನೂರರಲ್ಲಿ ಕೆಲವೇ ಮಂದಿಗೆ. ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಲ್ಲಿಸಿದ ಮೇಲೂ ಉಳಿಯಿತು ಎಂದು ಹೇಳುವವರೂ ಇದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಮನಸ್ಸು ಕುಗ್ಗುವುದು ಕೆಲವರಲ್ಲಿ ಕಂಡಿದೆ. ನಿಮಗೆ ಮೊದಲೇ ಖಿನ್ನತೆ ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ನಿದ್ದೆ ಇಲ್ಲ ಎಂದು ಬರೆದಿದ್ದೀರಿ, ಅದನ್ನೂ ಹೇಳಿ.

ಇನ್ನೆರಡು ವಿಷಯ. ಗರ್ಭಿಣಿಯರು ಪುಡಿಯಾದ, ಮುರಿದ ಮಾತ್ರೆ ಮುಟ್ಟಬಾರದು, ಗಂಡು ಮಗುವಿನ ಬೆಳವಣಿಗೆಗೆ ತೊಂದರೆಯಾಗಬಹುದು. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ರಕ್ತದಾನ ಮಾಡಬೇಡಿ, ನಿಲ್ಲಿಸಿ ಒಂದು ತಿಂಗಳಾದರೂ ಆಗಿರಬೇಕು. ಮಿನಾಕ್ಸಿಡಿಲ್ ಶುರು ಮಾಡಿದ ಮೊದಲ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಬಹುದು. ಆಗ ಹೆದರಿ ಬಿಡುವವರೇ ಹೆಚ್ಚು. ಹಳೆಯ ಕೂದಲು ಜಾಗ ಬಿಡುತ್ತಿದೆ ಎಂದು ತಿಳಿದು ಮುಂದುವರಿಸಿ.

ಬನ್ನೂರು ರೋಡ್

ಬೋರ್‌ವೆಲ್ ನೀರಿಂದ ಉದುರುತ್ತಾ ಡಾಕ್ಟ್ರೇ? ನಮ್ಮ ಬಡಾವಣೇಲಿ ಎಲ್ರೂ ಅದನ್ನೇ ಹೇಳೋದು. ಕಾವೇರಿ ನೀರು ಬಂದ್ಮೇಲೆ ನಿಲ್ಲುತ್ತೆ ಅಂತ ಕಾಯ್ತಾ ಇದ್ದೀನಿ.

ಚರ್ಮದ ಡಾಕ್ಟ್ರು, ಮೈಸೂರು

ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ತುಂಡಾಗಿಸುತ್ತದೆ. ಹಣೆಯ ಮೂಲೆ ಹಿಂದೆ ಹೋಗುವುದಕ್ಕೂ ಸುಳಿ ಬಯಲಾಗುವುದಕ್ಕೂ ನೀರು ಕಾರಣವಲ್ಲ. ಕಾಯಬೇಡಿ, ತೋರಿಸಿ.

ಹೂಟಗಳ್ಳಿ ಶಿಫ್ಟ್

ಗುರು, ನಾನು 2022ರ ಜೂನಲ್ಲಿ ಎಫ್‌ಯುಇ ಮಾಡಿಸ್ದೆ, ಮೈಸೂರಲ್ಲೇ. ಆಗ 36. 2,400 ಗ್ರಾಫ್ಟ್, ಬರೀ ಮುಂದಕ್ಕೆ. ಅದಕ್ಕೂ ಮುಂಚೆ ಮೂರು ವರ್ಷ ಮಾತ್ರೆ ತಗೊಂಡು ಸುಳಿ ಉಳಿಸ್ಕೊಂಡಿದ್ದೆ. ದಿನದ ಲೆಕ್ಕದಲ್ಲಿ ಹೇಳ್ತೀನಿ, ಯಾಕಂದ್ರೆ ನಂಗೆ ಆಗ ಬೇಕಿದ್ದಿದ್ದು ಅದೇ, ಎಲ್ಲೂ ಸಿಗ್ಲಿಲ್ಲ.

ಒಂದು ವಾರ ಮುಂಚೆ ರಕ್ತ ಪರೀಕ್ಷೆ ಮಾಡಿಸಿದ್ರು. ಸಕ್ಕರೆ, ಎಚ್‌ಐವಿ, ಹೆಪಟೈಟಿಸ್, ರಕ್ತ ಹೆಪ್ಪುಗಟ್ಟೋ ಸಮಯ ಎಲ್ಲ. ಸಿಗರೇಟು, ಕುಡಿಯೋದು ಬಂದ್. ಆವತ್ತು ಬೆಳಗ್ಗೆ ಏಳೂವರೆಗೆ ತಲೆ ಪೂರ್ತಿ ಝೀರೋ ಮೆಷಿನ್ ಹೊಡೆದ್ರು. ಡಾಕ್ಟ್ರು ಪೆನ್ನಲ್ಲಿ ಗೆರೆ ಎಳೆದು ಕನ್ನಡಿ ಕೊಟ್ರು. ನಾನು ಇನ್ನೂ ಒಂದು ಬೆರಳು ಕೆಳಕ್ಕೆ ಬರ್ಲಿ ಅಂದೆ. ಅವರು ಅಳಿಸ್ಲಿಲ್ಲ. "ಅರವತ್ತಾದಾಗ್ಲೂ ಈ ಗೆರೆ ನಿಮ್ಮ ಮುಖದಲ್ಲೇ ಇರುತ್ತೆ" ಅಂದ್ರು. ಆವತ್ತು ಸಿಟ್ಟು ಬಂತು. ಈಗ ಅವರಿಗೆ ದಿನಾ ಕೈ ಮುಗೀತೀನಿ.

ನೋವು ಅಂದ್ರೆ ಮರಗಟ್ಟಿಸೋ ಇಂಜೆಕ್ಷನ್‌ದೇ. ಹಿಂದೆ ಹತ್ತು ಹದಿನೈದು ಸಲ ಚುಚ್ತಾರೆ, ಕಣ್ಣಲ್ಲಿ ನೀರು ಬಂತು. ಆಮೇಲೆ ಬರೀ ಕರ್ ಕರ್ ಅಂತ ಸದ್ದು, ರಾಗಿ ಬೀಸ್ದಂಗೆ. ಮೂರು ಗಂಟೆ ತೆಗೆಯೋಕೆ, ಊಟ, ಆಮೇಲೆ ನಾಲ್ಕು ಗಂಟೆ ನೆಡೋಕೆ. ಸಂಜೆ ಹೆಂಡ್ತಿ ಆಟೋದಲ್ಲಿ ಕರ್ಕೊಂಡು ಬಂದ್ಲು.

ಮೊದಲ ನಾಲ್ಕು ರಾತ್ರಿ ದಿಂಬು ಎತ್ತರಿಸ್ಕೊಂಡು ಅರ್ಧ ಕೂತೇ ಮಲಗಿದ್ದು. ಗಂಟೆಗೊಂದ್ಸಲ ಸಲೈನ್ ಸ್ಪ್ರೇ. ಮೂರನೇ ದಿನ ಹಣೆ ಊದ್ಕೊಳ್ತು, ನಾಲ್ಕನೇ ದಿನ ಊತ ಕಣ್ಣಿಗೆ ಇಳೀತು. ಮಗಳು ನೋಡಿ ಹತ್ರ ಬರ್ಲಿಲ್ಲ. ಆರನೇ ದಿನಕ್ಕೆ ಇಳಿದ್ಹೋಯ್ತು. ಹತ್ತನೇ ದಿನದ ಹೊತ್ಗೆ ಕಪ್ಪು ಹಕ್ಕಳೆ ಎಲ್ಲ ನೆನೆಸಿ ತೊಳ್ದು ಹೋಯ್ತು. ಹೆಲ್ಮೆಟ್ ಹಾಕೋಹಾಗಿಲ್ಲ ಅಂದ್ರು, ಎರಡು ವಾರ ಬೈಕ್ ಬಿಟ್ಟು ಕಂಪನಿ ಬಸ್ಸಲ್ಲಿ ಹೋದೆ.

ಮೂರನೇ ವಾರದಿಂದ ನೆಟ್ಟಿದ್ದ ಕೂದಲು ಉದುರೋಕೆ ಶುರು. ಮುಂಚೇನೇ ಹೇಳಿದ್ರು, ಕೂದಲು ಹೋಗುತ್ತೆ, ಬೇರು ಒಳಗೇ ಇರುತ್ತೆ ಅಂತ. ಹೇಳಿದ್ರೂ ಕೈಯಲ್ಲಿ ಬಂದಾಗ ಹೊಟ್ಟೆ ಉರಿಯುತ್ತೆ ಗುರು. ಎರಡನೇ ಮೂರನೇ ತಿಂಗಳು ಮಾಡಿಸೋಕೆ ಮುಂಚೆ ಹೆಂಗಿದ್ನೋ ಅದಕ್ಕಿಂತ ಕಡೆ. ದಸರಾ ಹೊತ್ತಿಗೆ, ಅಂದ್ರೆ ನಾಲ್ಕನೇ ತಿಂಗಳು, ಹಣೆ ಮೇಲೆ ಮಗು ಕೂದಲಂಗೆ ನವಿರಾಗಿ ಬಂತು. ಆರು ತಿಂಗಳಿಗೆ ಅರ್ಧ. ಪೂರ್ತಿ ದಪ್ಪ ಆಗಿದ್ದು ವರ್ಷ ತುಂಬಿದ್ಮೇಲೆ. ಅದಕ್ಕೇ ಹೇಳ್ತೀನಿ, ಮೂರು ತಿಂಗಳಲ್ಲಿ ಮದುವೆ ಇಟ್ಕೊಂಡು ಯಾರೂ ಮಾಡಿಸ್ಬೇಡಿ. ಫೋಟೋ ಅತಿ ಕೆಟ್ಟದಾಗಿ ಬರೋದು ಆಗಲೇ.

ದುಡ್ಡಿನ ವಿಷಯ. ಆಸ್ಪತ್ರೆ ಖರ್ಚಿಗೆ ಇರೋ ಜಿಎಸ್‌ಟಿ ವಿನಾಯಿತಿ ಕೂದಲಿಗೆ ಇಲ್ಲ, ಬಿಲ್ಲಲ್ಲಿ ಸೇರುತ್ತೆ. ಅಂದಕ್ಕೆ ಮಾಡಿಸೋದು ಅಂತ ನನ್ನ ಇನ್ಶೂರೆನ್ಸಲ್ಲೂ ಬರ್ಲಿಲ್ಲ. ಗ್ರಾಫ್ಟ್ ರೇಟ್ ಕೇಳುವಾಗ ಟ್ಯಾಕ್ಸ್ ಸೇರಿಸಿನಾ ಅಂತ ಬರೆಸ್ಕೋ. ಗ್ರಾಫ್ಟ್ ಬೇರೆ, ಕೂದಲು ಬೇರೆ ಅನ್ನೋದೂ ನೆನಪಿಟ್ಕೋ. ಒಂದು ಗ್ರಾಫ್ಟಲ್ಲಿ ಒಂದರಿಂದ ನಾಲ್ಕು ಕೂದಲು ಇರುತ್ತೆ. 5,000 ಅಂತ ಬೋರ್ಡಲ್ಲಿ ಹಾಕಿದ್ರೆ ಯಾವುದರ ಲೆಕ್ಕ ಅಂತ ಕೇಳು.

ಮದ್ದೂರು ಪ್ಯಾಸೆಂಜರ್

ಮೂರು ದಿನದಿಂದ ಓದ್ತಾ ಇದ್ದೆ. ಬರೆಯೋದಾ ಬೇಡ್ವಾ ಅಂತ ಯೋಚ್ನೆ. ಈ ತಮ್ಮಂಗೋಸ್ಕರ ಬರೀತೀನಿ.

ನಂಗೆ 31. 26ರಲ್ಲಿ ಮಾಡಿಸ್ಕೊಂಡೆ. ಊರು, ಹೆಸರು ಬೇಡ. ಆಫರ್ ಇತ್ತು, ಎಷ್ಟು ಗ್ರಾಫ್ಟ್ ಆದ್ರೂ ಒಂದೇ ರೇಟು ಅಂದ್ರು. ನಂಗೆ ಅದು ಲಾಭ ಅನ್ನಿಸ್ತು. ಡಾಕ್ಟ್ರು ಅಂತ ಬಂದೋರು ಗೆರೆ ಎಳೆದು ಹೋದ್ರು, ಆಮೇಲೆ ಸಂಜೇವರೆಗೂ ಕಾಣ್ಲಿಲ್ಲ. ಇಬ್ರು ಹುಡುಗ್ರು ತೆಗೆದ್ರು, ಇಬ್ರು ಹುಡುಗೀರು ನೆಟ್ರು. ಅವರ ಮೇಲೆ ನಂಗೆ ಕೋಪ ಇಲ್ಲ, ಸಂಬಳಕ್ಕೆ ಬಂದೋರು. 4,200 ತೆಗೆದ್ವಿ ಅಂದ್ರು.

ನಾವು ಗದ್ದೆ ಮಾಡೋರು. ಒಟ್ಲಲ್ಲಿ ಪೈರು ಎಷ್ಟಿದೆ ನೋಡ್ಕೊಂಡು ತಾನೆ ಯಾವ್ಯಾವ ಪಾತಿಗೆ ನಾಟಿ ಅಂತ ಯೋಚ್ನೆ ಮಾಡೋದು? ಪೈರು ಕಡಿಮೆ ಬಿದ್ರೆ ಪಕ್ಕದೋರ ಹತ್ರ ಕೇಳ್ಬಹುದು, ಮುಂದಿನ ಬೆಳೆಗೆ ಮತ್ತೆ ಒಟ್ಲು ಹಾಕ್ಬಹುದು. ತಲೇಲಿ ಅದಿಲ್ಲ. ನನ್ನ ತಲೆ ಹಿಂದೆ ಈಗ ಒಂದು ಅಂಗೈ ಅಗಲ ಹುಳ ತಿಂದಂಗೆ ಅಲ್ಲಲ್ಲಿ ಖಾಲಿ. ಕಟಿಂಗ್ ಅಂಗಡೀಲಿ ಹಿಂದೆ ಕನ್ನಡಿ ಹಿಡಿದಾಗ ನಾನು ಕಣ್ಣು ಮುಚ್ಕೋತೀನಿ. ಮುಂದೆ ಗೆರೆ ಸ್ಕೇಲ್ ಇಟ್ಟು ಎಳ್ದಂಗೆ ನೇರ, ಹುಬ್ಬಿಗೆ ಹತ್ರ. ಮೊದಲ ಸಾಲಲ್ಲೇ ಮೂರು ಮೂರು ಕೂದಲಿನ ಗ್ರಾಫ್ಟ್ ನೆಟ್ಟವ್ರೆ, ಬ್ರಷ್ ಥರ ಕಾಣುತ್ತೆ. ಮಾತ್ರೆ ಬಗ್ಗೆ ಯಾರೂ ಹೇಳ್ಲಿಲ್ಲ, ಹಂಗಾಗಿ ಅದರ ಹಿಂದಿನ ನನ್ನ ಕೂದಲು ಎರಡು ವರ್ಷದಲ್ಲಿ ಹೋಯ್ತು.

ಹೋದ ವರ್ಷ ಬೇರೆ ಡಾಕ್ಟ್ರಿಗೆ ತೋರಿಸ್ದೆ. ಮುಂದಿನ ಸಾಲಲ್ಲಿ ದಪ್ಪ ಗ್ರಾಫ್ಟ್ ಕಿತ್ತು ಹಿಂದಕ್ಕೆ ನೆಡಬಹುದು, ಹಿಂಭಾಗದ ಖಾಲಿಗೆ ಹಚ್ಚೆ ಥರ ಚುಕ್ಕಿ ಇಟ್ಟು ಬಣ್ಣ ತುಂಬಬಹುದು, ಗಡ್ಡದಿಂದ ಸ್ವಲ್ಪ ಬೇರು ತೆಗೀಬಹುದು ಅಂದ್ರು. ಪೂರ್ತಿ ಮೊದಲಿನಂಗೆ ಆಗಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದ್ರು. ಸುಳ್ಳು ಹೇಳ್ಲಿಲ್ಲ ಅನ್ನೋದೇ ನಂಗೆ ಸಮಾಧಾನ.

ತಮ್ಮಾ, ಆ 4,500 ಮಾತ್ರ ಬೇಡ ಕಣಪ್ಪ.

ಚರ್ಮದ ಡಾಕ್ಟ್ರು, ಮೈಸೂರು

ಇದನ್ನು ಬರೆಯಲು ಎಷ್ಟು ಧೈರ್ಯ ಬೇಕೋ ನನಗೆ ಗೊತ್ತು. ನಿಮಗೆ ನಮಸ್ಕಾರ.

ಯಾರು ಮಾಡಬೇಕು ಎನ್ನುವುದರ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಶಸ್ತ್ರಚಿಕಿತ್ಸೆಯ ತರಬೇತಿ ಇರುವ ನೋಂದಾಯಿತ ವೈದ್ಯರು, ಅಂದರೆ ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗದಲ್ಲಿ ಸ್ನಾತಕೋತ್ತರ ಓದಿದವರು ಮಾಡಬೇಕು. ಸಹಾಯಕರು ಇರಬಹುದು, ಹೊಣೆ ವೈದ್ಯರದ್ದು. ವಿಡಿಯೋ ನೋಡಿ ಕಲಿತು ಮಾಡುವ ಕೆಲಸವಲ್ಲ ಎಂದೂ ಅದರಲ್ಲಿದೆ. ವೈದ್ಯರ ನೋಂದಣಿ ಸಂಖ್ಯೆ ಕೇಳಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಸೀಳು ಯಾರು ಮಾಡುತ್ತಾರೆ, ಬೇರು ಯಾರು ತೆಗೆಯುತ್ತಾರೆ ಎಂದು ನೇರವಾಗಿ ಕೇಳಿ. ಮುಜುಗರ ಬೇಡ.

ಪ್ರಾಣದ ಮಾತೂ ಇದೆ. 2016ರಲ್ಲಿ ಚೆನ್ನೈನಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗನೇ ಕೂದಲು ಕಸಿಯ ನಂತರ ತೀರಿಕೊಂಡ. 2019ರಲ್ಲಿ ಮುಂಬೈನಲ್ಲಿ 43 ವರ್ಷದ ಒಬ್ಬರು. 2025ರಲ್ಲಿ ಕಾನ್ಪುರದ ಇಬ್ಬರು ಎಂಜಿನಿಯರ್‌ಗಳ ಸಾವು ಸುದ್ದಿಯಾಯಿತು. ಮರಗಟ್ಟಿಸುವ ಲಿಗ್ನೋಕೇನ್‌ಗೆ ದೇಹದ ತೂಕದ ಲೆಕ್ಕದಲ್ಲಿ ಮಿತಿ ಇದೆ. ಅದು ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಏರುಪೇರಾಗಬಹುದು. ಸರಿಯಾದ ಜಾಗದಲ್ಲಿ ಇದು ಬಹಳ ಸುರಕ್ಷಿತ ಶಸ್ತ್ರಚಿಕಿತ್ಸೆ. ಆದರೆ ಆಮ್ಲಜನಕ, ತುರ್ತು ಔಷಧ, ಅದನ್ನು ಕೊಡಬಲ್ಲ ವೈದ್ಯರು ಆ ಕೋಣೆಯಲ್ಲಿ ಇರಲೇಬೇಕು.

ಸರಸ್ವತಿಪುರಂ ಅಕ್ಕ

ಹೆಂಗಸರೂ ಇದನ್ನ ಓದ್ತಿದ್ದೀವಿ ಅಂತ ನೆನಪಿಸೋಕೆ ಬರೀತಿದ್ದೀನಿ. ನನಗೆ 38. ಬೈತಲೆ ಅಗಲ ಆಗ್ತಾ ಬಂತು. ನಾನೂ ಕಸಿ ಮಾಡಿಸೋಣ ಅಂತ ಹೋದೆ. ಪುಣ್ಯಕ್ಕೆ ಆ ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಏರುಪೇರಾಗಿತ್ತು, ಕಬ್ಬಿಣದ ಅಂಶ ತೀರಾ ಕಡಿಮೆ ಇತ್ತು. ಎಂಟು ತಿಂಗಳ ಔಷಧದಲ್ಲಿ ಉದುರೋದು ನಿಂತಿತು. ನಮಗೆ ಹಿಂಭಾಗದ ಕೂದಲೂ ಒಟ್ಟಿಗೆ ತೆಳ್ಳಗಾಗಿರುತ್ತೆ, ಅಲ್ಲಿಂದ ತೆಗೆದು ನೆಟ್ಟರೆ ನಿಲ್ಲುತ್ತೆ ಅಂತ ಭರವಸೆ ಇಲ್ಲ ಅಂದರು. ಹೆರಿಗೆ ಆದ ಮೇಲೆ, ಡೆಂಗಿ ಟೈಫಾಯ್ಡ್ ಬಂದು ಎರಡು ಮೂರು ತಿಂಗಳಿಗೆ ರಾಶಿ ರಾಶಿ ಉದುರೋದು ಬೇರೆಯೇ, ಅದು ತಾನಾಗೇ ವಾಪಸ್ ಬರುತ್ತೆ. ನನ್ನ ತಂಗಿ ಬಾಣಂತನದಲ್ಲಿ ಅತ್ತೂ ಅತ್ತೂ ಸುಸ್ತಾಗಿದ್ದಳು, ಮಗುವಿಗೆ ವರ್ಷ ಆಗೋ ಹೊತ್ತಿಗೆ ಎಲ್ಲ ಬಂತು.

ಮಂಡ್ಯದ ಹೈದನಿಗೆ ಒಂದು ಮಾತು. ಆ ಪ್ರಶ್ನೆ ಕೇಳಿದ ಮನೆಯವರು ಕೇಳಿದ್ದು ವಯಸ್ಸು, ಬೇಡ ಅಂದಿಲ್ಲ. ನಮ್ಮೆಜಮಾನ್ರಿಗೆ ಮದುವೇಲೇ ಮುಂದೆ ಕೂದಲಿರಲಿಲ್ಲ. ನಾನು ನೋಡಿದ್ದು ಅವರು ನಮ್ಮಪ್ಪನ ಹತ್ರ ಮಾತಾಡಿದ ರೀತಿ.

ಮಂಡ್ಯದ ಹೈದ

ಅಕ್ಕ, ನಿಮ್ಮ ಮಾತನ್ನ ಅಮ್ಮಂಗೆ ಓದಿ ಹೇಳ್ದೆ. ಅಮ್ಮ ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ "ನಿಮ್ಮಪ್ಪನ್ನ ನಾನು ಒಪ್ಕೊಂಡಿಲ್ವಾ" ಅಂದ್ರು.

ಮದ್ದೂರಣ್ಣ, ನಿಮ್ಮ ಋಣ ಇದು. ಬೆಂಗಳೂರಿನೋರಿಗೆ ಬೇಡ ಅಂತ ಫೋನ್ ಮಾಡ್ದೆ. ಮಿಮ್ಸ್‌ಗೆ ಸೋಮವಾರ ಹೋಗ್ತೀನಿ.

ಮಂಡ್ಯದ ಹೈದ (ಹದಿನಾಲ್ಕು ತಿಂಗಳ ನಂತರ)

ಇದು ಕೆಳಗೆ ಹೋಗಿತ್ತು, ಹುಡುಕಿ ತೆಗೆದೆ. ಏನಾಯ್ತು ಅಂತ ಹೇಳೋದು ನನ್ನ ಕರ್ತವ್ಯ.

ಮಾತ್ರೆ, ಹಚ್ಚೋದು ಎರಡೂ ಶುರು ಮಾಡಿ ವರ್ಷ ದಾಟ್ತು. ತೊಂದರೆ ಏನೂ ಆಗ್ಲಿಲ್ಲ. ಎರಡನೇ ತಿಂಗಳು ಡಾಕ್ಟ್ರು ಹೇಳ್ದಂಗೆ ಜಾಸ್ತಿ ಉದುರ್ತು, ಬಿಡ್ಲಿಲ್ಲ. ಬಚ್ಚಲುಮನೆ ಟೈಲ್ಸ್ ಮೇಲೆ ಟೇಪ್ ಅಂಟಿಸಿ, ಪ್ರತಿ ತಿಂಗಳು ಒಂದನೇ ತಾರೀಖು ಅದೇ ಜಾಗದಲ್ಲಿ ನಿಂತು, ಅದೇ ಬಲ್ಬಲ್ಲಿ ತಂಗಿ ಹತ್ರ ಫೋಟೋ ತೆಗೆಸ್ದೆ. ಸುಳಿ ಹತ್ರ ಚೆನ್ನಾಗಿ ಮುಚ್ಕೊಂಡಿದೆ. ಹಣೆ ಮೂಲೆ ವಾಪಸ್ ಬರ್ಲಿಲ್ಲ, ಬರಲ್ಲ ಅಂತಲೂ ಹೇಳಿದ್ರು. ಆದ್ರೆ ಇನ್ನೂ ಹಿಂದಕ್ಕೂ ಹೋಗಿಲ್ಲ.

ಮೈಸೂರಲ್ಲಿ ಇನ್ನೊಬ್ರು ಡಾಕ್ಟ್ರಿಗೆ ತೋರಿಸ್ದೆ, ನೋಂದಣಿ ಸಂಖ್ಯೆ ನೋಡ್ಕೊಂಡೇ ಹೋದೆ. ಕ್ಯಾಮೆರಾ ಇಟ್ಟು ಹಿಂಭಾಗದ ಕೂದಲು ಎಣಿಸಿದ್ರು. ಹಣೆಗೆ ಸುಮಾರು 45 ಚದರ ಸೆಂಟಿಮೀಟರ್, ಒಂದಕ್ಕೆ 40ರಂತೆ 1,800 ಗ್ರಾಫ್ಟ್ ಸಾಕು, ಸುಳಿ ಮುಟ್ಟೋದು ಬೇಡ, ಮಾತ್ರೆ ಮುಂದುವರಿಸಿ, ಉಳಿದಿದ್ದು ಮುಂದಿನ ಕಾಲಕ್ಕಿರ್ಲಿ ಅಂದ್ರು. ಮುಡಿ ವಿಷಯ ನಾನೇ ಹೇಳ್ದೆ. ಹಂಗಿದ್ರೆ ಎಫ್‌ಯುಇ ಅಂದ್ರು. ನೆಡೋದು ಪೆನ್ನಲ್ಲೋ ಇಕ್ಕಳದಲ್ಲೋ ಅಂತ ಕೇಳ್ದೆ. ಇಕ್ಕಳದಲ್ಲಿ ಅವರ ಕೈ ಪಳಗಿದೆಯಂತೆ, ಅದಕ್ಕೆ ಅದೇ ಅಂದ್ರು. ಆ ಉತ್ತರ ಇಷ್ಟ ಆಯ್ತು. ಹೋದ ವಾರ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದ್ವಿ, ಆಪರೇಷನ್‌ಗೆ ಮುಂಚೇನೇ ಹರಕೆ ತೀರ್ಲಿ ಅಂತ ಅಮ್ಮನ ಆಸೆ. ಮುಂದಿನ ತಿಂಗಳು 11ಕ್ಕೆ ದಿನ ಗೊತ್ತಾಗಿದೆ. ಹೆಣ್ಣಿನ ವಿಷಯ ಒಂದು ಕಡೆ ಮಾತು ನಡೀತಿದೆ, ಈ ಮಾಡಿಸ್ಕೊಳ್ಳೋ ವಿಚಾರ ಅವರಿಗೆ ಹೇಳೇ ಇದ್ದೀನಿ.

ಹೂಟಗಳ್ಳಿ ಅಣ್ಣ, ಆ ನಾಲ್ಕು ರಾತ್ರಿ ಮಲಗೋಕೆ ನೀವು ಎಂಥ ದಿಂಬು ಇಟ್ಕೊಂಡಿದ್ರಿ?

ಹೂಟಗಳ್ಳಿ ಶಿಫ್ಟ್

ಕತ್ತಿಗೆ ಹಾಕೋ ಯು ಆಕಾರದ್ದು, ಲಾಂಗ್ ಬಸ್ಸಲ್ಲಿ ಹಾಕ್ಕೋತಾರಲ್ಲ ಅದು. ಅದರ ಕೆಳಗೆ ಎರಡು ದೊಡ್ಡ ದಿಂಬು. ಹೊಸದು ತಗೋಬೇಡ, ನನ್ನದು ಬೀರುವಲ್ಲಿದೆ, ಕವರ್ ಒಗೆಸಿಡ್ತೀನಿ. ಭಾನುವಾರ ಜನರಲ್ ಶಿಫ್ಟ್ ಇಲ್ಲ, ಮನೇಲಿರ್ತೀನಿ, ಬಾ.